ಹಳೇ ಆಂಟೆನಾಕ್ಕೆ ಚಂದನ ಯಾಕೆ ಬರುತ್ತಿಲ್ಲ?

ಪ್ರಶ್ನೆ: ಮಾಳಿಗೆ ಮೇಲಿನ ಆಂಟೆನಾ ಎತ್ತ ತಿರುಗಿಸಿದರೂ ಚಂದನ ಬರುವುದಿಲ್ಲ. ಕೆಟ್ಟಿದೆಯೇ?
– ಓದುಗರು, ಕುರ್ಡಿ

ಉತ್ತರ: ಆಂಟೆನಾ ಕೆಟ್ಟಿಲ್ಲ. ದೂರದರ್ಶನ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳನ್ನು 2022ರ ಹೊತ್ತಿಗೆ ಬಹುತೇಕ ಮುಚ್ಚಿತು. ಹಿಡಿಯಲು ಗಾಳಿಯಲ್ಲಿ ಅಲೆಯೇ ಇಲ್ಲ. ಡಿಡಿ ಫ್ರೀ ಡಿಶ್ ಹಾಕಿಸಿಕೊಳ್ಳಿ. ತಟ್ಟೆಗೂ ಸೆಟ್ ಟಾಪ್ ಬಾಕ್ಸಿಗೂ ಒಮ್ಮೆ ದುಡ್ಡು ಕೊಟ್ಟರಾಯಿತು, ತಿಂಗಳ ಶುಲ್ಕವಿಲ್ಲ. ಅದರ ಉಪಗ್ರಹ ಜಿಸ್ಯಾಟ್-15 ಇರುವುದು 93.5 ಡಿಗ್ರಿ ಪೂರ್ವದಲ್ಲಿ. ಕುರ್ಡಿಯಿಂದ ತಟ್ಟೆ ಆಗ್ನೇಯಕ್ಕೆ ಮುಖ ಮಾಡಬೇಕು; ಆ ಕಡೆ ಬೇವಿನ ಮರ ಅಡ್ಡ ಬಂದರೆ ಚಿತ್ರ ನಿಲ್ಲದು.

ಆಕಾಶದಿಂದ ಟಿವಿ ಬರುವುದು ನಿಮ್ಮ ಸೀಮೆಗೆ ಹೊಸದೇನಲ್ಲ. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಆದರೆ ನಿಮ್ಮ ರಾಯಚೂರು ಜಿಲ್ಲೆಯ ಹಳ್ಳಿಗಳು ಅದಕ್ಕೂ ಮೊದಲು, 1975ರಲ್ಲೇ, ‘ಸೈಟ್’ ಎಂಬ ಉಪಗ್ರಹ ಶಿಕ್ಷಣ ಟಿವಿ ಪ್ರಯೋಗದಡಿ ಉಪಗ್ರಹದಿಂದ ನೇರವಾಗಿ ಕನ್ನಡ ಕಾರ್ಯಕ್ರಮ ನೋಡಿದ್ದವು.