ಗೋಪನಾಳ್‌ನಿಂದ ಗ್ಯಾಬೋನ್‌ವರೆಗೆ: ಅಕ್ರಮ ವಲಸೆಯ ಚರ್ಚೆಗೆ ಚನ್ನಗಿರಿಯ ಸೇರ್ಪಡೆ

ಅಕ್ರಮ ವಲಸೆಯ ಕುರಿತು ಕರ್ನಾಟಕದಲ್ಲಿ ನಡೆಯುವ ಚರ್ಚೆ ಬಹುಮಟ್ಟಿಗೆ ಒಳಬರುವವರ ಕುರಿತಾದದ್ದು. ಬೆಂಗಳೂರಿನ ಹೊರವಲಯದ ತಗಡಿನ ಶೆಡ್ಡುಗಳಲ್ಲಿ, ಕೊಡಗು–ಚಿಕ್ಕಮಗಳೂರಿನ ಕಾಫಿ ತೋಟಗಳ ಲೈನ್‌ಮನೆಗಳಲ್ಲಿ ತಂಗಿರುವ ಕೂಲಿಕಾರರ ಪೈಕಿ ಅಸ್ಸಾಮಿನವರೆಷ್ಟು, ಬಾಂಗ್ಲಾದೇಶದವರೆಷ್ಟು ಎಂಬಲ್ಲಿ ಅದು ಶುರುವಾಗಿ ಅಲ್ಲಿಗೇ ನಿಲ್ಲುತ್ತದೆ. ಅಡಿಕೆಗೂ ಸೂಳೆಕೆರೆಗೂ ಹೆಸರಾದ ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕು ಈ ಚರ್ಚೆಗೆ ಬೇರೊಂದು ಅಧ್ಯಾಯವನ್ನು ಸೇರಿಸಿದೆ. ಇಲ್ಲಿನ ಗೋಪನಾಳ್, ಅಸ್ತಾಪನಹಳ್ಳಿಗಳ ಹಕ್ಕಿಪಿಕ್ಕಿ ಕುಟುಂಬಗಳು ಗಿಡಮೂಲಿಕೆ ಎಣ್ಣೆಯ ಬಾಟಲಿಗಳೊಂದಿಗೆ ಆಫ್ರಿಕಾ ಖಂಡಕ್ಕೆ ಹೋಗಿ ವ್ಯಾಪಾರ ಮಾಡಿ ಮರಳುವುದು ವರ್ಷಗಳಿಂದ ನಡೆದುಬಂದಿರುವುದರಿಂದ, ಪರದೇಶದ ಪೊಲೀಸರ ಮುಂದೆ ಕಾಗದ ತೋರಿಸಬೇಕಾಗಿ ಬರುವ ವಿದೇಶಿಯರಲ್ಲಿ ಈ ತಾಲ್ಲೂಕಿನವರೂ ಇರುತ್ತಾರೆ.

ಕರ್ನಾಟಕದಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಹಕ್ಕಿಪಿಕ್ಕಿಗಳ ಸಂಖ್ಯೆ 2011ರ ಜನಗಣತಿಯ ಪ್ರಕಾರ 11,892. ಗುಜರಾತಿಗೆ ಹತ್ತಿರವಾದ ವಾಗ್ರಿ ಅವರ ಮನೆಮಾತು. ರಾಣಾ ಪ್ರತಾಪನ ಕಾಲದ ಯುದ್ಧಗಳ ನಂತರ ತಮ್ಮ ಹಿರಿಯರು ದಕ್ಷಿಣಕ್ಕೆ ಬಂದರೆಂಬುದು ಅವರ ನಂಬಿಕೆ. ಹಕ್ಕಿ, ಸಣ್ಣ ಪ್ರಾಣಿಗಳ ಬೇಟೆಯೇ ಕುಲಕಸುಬಾಗಿದ್ದ ಈ ಸಮುದಾಯಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕಾಡಿನ ಬಾಗಿಲು ಮುಚ್ಚಿತು. ಜೀವನೋಪಾಯ ಕಳೆದುಕೊಂಡವರು ಜಾತ್ರೆ, ಸಂತೆಗಳಲ್ಲಿ ಪ್ಲಾಸ್ಟಿಕ್ ಹೂವು, ಮಣಿಸರ, ಮಸಾಲೆ ಪದಾರ್ಥಗಳನ್ನು ಮಾರಿದರು, ಕಾಡಿನಿಂದ ಉಳಿದುಬಂದ ಗಿಡಮೂಲಿಕೆಯ ತಿಳಿವಳಿಕೆಯನ್ನು ಎಣ್ಣೆಯಾಗಿ ಕುದಿಸಿ ಬಾಟಲಿಗೆ ತುಂಬಿದರು. ಕೂದಲು ಬೆಳೆಯಲು ಒಂದು, ಕೀಲುನೋವಿಗೆ ಇನ್ನೊಂದು ಎಂದು ಹೆಸರು ಪಡೆದ ಈ ಎಣ್ಣೆಗಳಿಗೆ ವೈದ್ಯರ ಶುಲ್ಕ ದುಬಾರಿಯಾದ ಆಫ್ರಿಕಾದ ಪಟ್ಟಣಗಳಲ್ಲಿ ಗಿರಾಕಿಗಳು ಸಿಕ್ಕರು. ಬಡ್ಡಿಗೆ ಸಾಲ ತೆಗೆದು ವಿಮಾನದ ಟಿಕೆಟ್ ಕೊಳ್ಳುವವರಿಗೆ ಬರಿಗೈಯಲ್ಲಿ ಮರಳುವ ಮಾತೇ ಇರುವುದಿಲ್ಲ. ಆಮೇಲಿನ ಅನೇಕ ತೊಡಕುಗಳ ಬೇರು ಇರುವುದು ಈ ಸಾಲದಲ್ಲಿ.

ನಾಡಿನ ಉಳಿದ ಜನರಿಗೆ ಈ ವಲಸೆ ಕಣ್ಣಿಗೆ ಬಿದ್ದದ್ದು 2023ರಲ್ಲಿ. ಆ ವರ್ಷದ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಅಲ್ಲಿನ ಸೇನೆಗೂ ಅರೆಸೇನಾ ಪಡೆಗೂ ಕಾಳಗ ಆರಂಭವಾದಾಗ ಕರ್ನಾಟಕದ ಹಲವು ಹಕ್ಕಿಪಿಕ್ಕಿಗಳು ಅನ್ನ ನೀರಿಲ್ಲದೆ ಬಾಡಿಗೆ ಕೋಣೆಗಳಲ್ಲಿ ಸಿಲುಕಿದರು; ಅವರಲ್ಲಿ ಚನ್ನಗಿರಿ ಕಡೆಯವರೂ ಇದ್ದರು. ವಿಧಾನಸಭಾ ಚುನಾವಣೆಗೆ ಮೂರು ವಾರವಷ್ಟೇ ಉಳಿದಿದ್ದ ಹೊತ್ತಿನಲ್ಲಿ, 31 ಮಂದಿಯನ್ನು ಕರೆತರುವಂತೆ ಆಗ ವಿರೋಧ ಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯ ಟ್ವಿಟರಿನಲ್ಲಿ ಒತ್ತಾಯಿಸಿದ್ದು, ವಿದೇಶಾಂಗ ಸಚಿವ ಎಸ್. ಜೈಶಂಕರ್ ಅದನ್ನು ರಾಜಕೀಯವೆಂದು ಖಂಡಿಸಿದ್ದು, ಇಬ್ಬರ ವಾಗ್ವಾದ ರಾಷ್ಟ್ರೀಯ ಸುದ್ದಿಯಾದದ್ದು ಎಲ್ಲವೂ ಅದೇ ವಾರದಲ್ಲಿ ನಡೆದವು. ಮುಂದೆ 'ಆಪರೇಷನ್ ಕಾವೇರಿ' ಎಂಬ ಕಾರ್ಯಾಚರಣೆಯಲ್ಲಿ ಕೇಂದ್ರ ಸರ್ಕಾರ ಸುಡಾನ್‌ನಿಂದ 3,862 ಮಂದಿಯನ್ನು ತೆರವುಗೊಳಿಸಿತು. ಸುಮಾರು ಒಂದೂವರೆ ವರ್ಷದ ನಂತರ, 2024ರ ನವೆಂಬರಿನಲ್ಲಿ, ಮಧ್ಯ ಆಫ್ರಿಕಾದ ಗ್ಯಾಬೋನ್‌ನಲ್ಲಿ ಚನ್ನಗಿರಿಯ ಹಕ್ಕಿಪಿಕ್ಕಿಗಳು ಸಿಲುಕಿದ ಸುದ್ದಿ ಬಂತು. ಈ ಸಲ ಯುದ್ಧವೇನೂ ಇರಲಿಲ್ಲ, ತೊಡಕಾದದ್ದು ವೀಸಾ.

ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕಾಗುತ್ತದೆ. 2003ರಲ್ಲಿ ತಿದ್ದುಪಡಿಯಾದ ಭಾರತದ ಪೌರತ್ವ ಕಾಯ್ದೆಯು ಅಕ್ರಮ ವಲಸಿಗರಲ್ಲಿ ಎರಡು ಬಗೆಯವರನ್ನು ಗುರುತಿಸುತ್ತದೆ: ಪಾಸ್‌ಪೋರ್ಟ್ ಮುಂತಾದ ಸಿಂಧುವಾದ ದಾಖಲೆಯಿಲ್ಲದೆ ದೇಶದೊಳಗೆ ಬಂದ ವಿದೇಶಿಯರು ಒಂದು ಬಗೆಯಾದರೆ, ಸರಿಯಾದ ದಾಖಲೆಯೊಂದಿಗೇ ಬಂದು ಅನುಮತಿಯ ಅವಧಿ ಮುಗಿದ ಮೇಲೂ ಉಳಿದವರು ಇನ್ನೊಂದು ಬಗೆ. ಹೆಚ್ಚಿನ ದೇಶಗಳ ಕಾನೂನು ಇದೇ ಜಾಡಿನಲ್ಲಿದ್ದು, ಪ್ರವಾಸಿ ವೀಸಾದಲ್ಲಿ ಹೋಗಿ ದುಡಿಮೆಗೆ ಇಳಿಯುವುದನ್ನು ಕೂಡ ನಿಯಮಭಂಗವೆಂದೇ ಎಣಿಸುತ್ತದೆ. ರಾತ್ರಿ ನದಿ ದಾಟಿ ಬಂದವನೂ ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತಿಸಿಕೊಂಡು ಬಂದು ಹದಿನೈದು ದಿನ ಹೆಚ್ಚು ಉಳಿದವಳೂ ಈ ಮಾನದಂಡದಲ್ಲಿ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. 2025ರ ಫೆಬ್ರವರಿ 5ರಂದು ಅಮೆರಿಕದ ಸೇನಾ ವಿಮಾನದಲ್ಲಿ ಅಮೃತಸರಕ್ಕೆ ಬಂದಿಳಿದ 104 ಭಾರತೀಯರ ಕೈಗಳಿಗೆ ಕೋಳ ಹಾಕಿದ್ದರೆಂದು ದೇಶವೆಲ್ಲ ನೊಂದುಕೊಂಡಿತು; ಆ ನೋವು ಸಹಜ, ಆದರೆ ಅಮೆರಿಕದ ಕಣ್ಣಿನಲ್ಲಿ ಅವರು ಇಲ್ಲಿನ ಚರ್ಚೆಯ 'ಬಾಂಗ್ಲಾದವರ' ಸ್ಥಾನದಲ್ಲೇ ಇದ್ದವರು.

ಒಳಬರುವವರ ವಿಷಯದಲ್ಲಿ ಸಂಶಯವೇ ದಾಖಲೆಯ ಜಾಗವನ್ನು ಆಕ್ರಮಿಸಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದ ಪ್ರಕರಣ ಸಾಕು. 2020ರ ಜನವರಿಯಲ್ಲಿ, ಅಕ್ರಮ ಬಾಂಗ್ಲಾದೇಶಿಗರ ಬೀಡೆಂಬ ಆರೋಪ ಹೊತ್ತ ಅಲ್ಲಿನ ಶೆಡ್ಡುಗಳನ್ನು ಕೆಡವಲಾಯಿತು. ಅಲ್ಲಿ ನೆಲೆಸಿದ್ದವರಲ್ಲಿ ಅಸ್ಸಾಂ, ತ್ರಿಪುರಾಗಳವರಷ್ಟೇ ಅಲ್ಲ, ಉತ್ತರ ಕರ್ನಾಟಕದಿಂದ ಗುಳೆ ಬಂದ ಕನ್ನಡಿಗರೂ ಇದ್ದರು. ತಮ್ಮ ರಾಜ್ಯದ ರಾಜಧಾನಿಯಲ್ಲೇ ವಿದೇಶಿಯರೆನಿಸಿಕೊಂಡು ಸೂರು ಕಳೆದುಕೊಳ್ಳುವ ಪಾಡು ಅವರದಾಯಿತು. ರಾಜ್ಯ ಹೈಕೋರ್ಟ್ ತೆರವಿಗೆ ತಡೆ ನೀಡಿ, ಸಂತ್ರಸ್ತರ ಪುನರ್ವಸತಿಯ ಹೊಣೆಯನ್ನು ಸರ್ಕಾರಕ್ಕೆ ನೆನಪಿಸಿತು. ಯಾವ ವಿದೇಶಿಯನನ್ನು ಹೊರಹಾಕಬೇಕಿದ್ದರೂ ಮೊದಲು ಆತ ವಿದೇಶಿಯನೇ ಎಂಬುದು ಇತ್ಯರ್ಥವಾಗಬೇಕು, ಆಮೇಲೆ ಆತನ ದೇಶ ಅವನನ್ನು ತನ್ನವನೆಂದು ಒಪ್ಪಬೇಕು. ಜೆಸಿಬಿಯ ಕೈಯಲ್ಲಿ ಈ ಎರಡೂ ಕೆಲಸ ಆಗುವುದಿಲ್ಲ.

ಪೌರತ್ವದ ಪುರಾವೆಯಾದರೂ ಜನಸಾಮಾನ್ಯರು ತಿಳಿದಷ್ಟು ಸರಳವಲ್ಲ. ಆಧಾರ್ ಎಂಬುದು ವಾಸಿಸುವವರ ಗುರುತಿನ ಚೀಟಿಯೇ ಹೊರತು ಪೌರತ್ವದ ಸಾಕ್ಷಿಯಲ್ಲ ಎಂದು ಆಧಾರ್ ಕಾಯ್ದೆಯೇ ಹೇಳುತ್ತದೆ. 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಹುಟ್ಟಿದವರಿಗೆ ಹುಟ್ಟೇ ಸಾಕಿತ್ತು. ಅಲ್ಲಿಂದಾಚೆಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಭಾರತೀಯರಾಗಿರಬೇಕು. 2004ರ ಡಿಸೆಂಬರ್ 3ರ ನಂತರ ಹುಟ್ಟಿದವರಿಗೆ, ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು ಎಂಬ ಷರತ್ತೂ ಸೇರಿಕೊಂಡಿತು. ತಾನು ವಿದೇಶಿಯನಲ್ಲವೆಂದು ಸಾಬೀತುಪಡಿಸುವ ಹೊರೆ 1946ರ ವಿದೇಶಿಯರ ಕಾಯ್ದೆಯ ಕಾಲದಿಂದಲೂ ಸಂಶಯಕ್ಕೆ ಗುರಿಯಾದವನ ತಲೆಯ ಮೇಲೆಯೇ ಇದೆ. ಅಲೆಮಾರಿ ಬದುಕಿನ, ಜನನ ಪ್ರಮಾಣಪತ್ರದ ಮುಖವನ್ನೇ ಕಾಣದ ಹಿರಿಯರಿರುವ ಹಕ್ಕಿಪಿಕ್ಕಿಗಳಂಥ ಸಮುದಾಯಕ್ಕೆ ಈ ಹೊರೆ ಎಷ್ಟು ಭಾರವಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಗಡಿಯೇ ಬೇಡ, ತಪಾಸಣೆಯೇ ಬೇಡವೆಂದು ವಾದಿಸಿದಂತಾಗುವುದಿಲ್ಲ. ಅನಧಿಕೃತವಾಗಿ ಉಳಿದವರನ್ನು ಗುರುತಿಸಿ ಕಳಿಸುವ ಅಧಿಕಾರ ಪ್ರತಿಯೊಂದು ದೇಶಕ್ಕೂ ಇದೆ. ಇಂಥವರನ್ನು ಗಡೀಪಾರಿನವರೆಗೆ ಇರಿಸಲು ಕರ್ನಾಟಕ ಸರ್ಕಾರ ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ, ಸಮಾಜ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯವಾಗಿದ್ದ ಕಟ್ಟಡದಲ್ಲಿ, ಒಂದು ಕೇಂದ್ರವನ್ನೇ ತೆರೆದಿದೆ. ವೀಸಾ ಅವಧಿ ಮೀರಿದ ಆಫ್ರಿಕಾದ ಪ್ರಜೆಗಳನ್ನೂ ಅಲ್ಲಿ ಇರಿಸಲಾಗಿದೆಯೆಂಬ ಸಂಗತಿಯನ್ನು ಗೋಪನಾಳ್‌ನ ಎದುರಿಗಿಟ್ಟು ನೋಡಿದರೆ ಚಿತ್ರ ಪೂರ್ಣವಾಗುತ್ತದೆ: ಅವರ ನಾಡಿನಲ್ಲಿ ಇವರಿಗೆ ಎದುರಾಗುವ ಪ್ರಶ್ನೆಯೇ ಈ ನಾಡಿನಲ್ಲಿ ಅವರಿಗೂ ಎದುರಾಗುತ್ತದೆ.

ಹಕ್ಕಿಪಿಕ್ಕಿಗಳು ಹೊರದೇಶಕ್ಕೆ ಹೋಗುವುದನ್ನೇ ತಡೆಯಬೇಕೆಂಬ ಸಲಹೆ ಕೇಳಲು ಸುಲಭ, ಆದರೆ ಅನ್ಯಾಯದ್ದು. ಕಾಡು ಕಸಿದುಕೊಂಡ ಮೇಲೆ ಪರ್ಯಾಯವಾಗಿ ಸಿಕ್ಕ ಭೂಮಿ, ಉದ್ಯೋಗಗಳು ಸಾಲದೆ ಬಂದದ್ದರಿಂದಲೇ ಅವರು ವಿಮಾನ ಹತ್ತಿದ್ದಾರೆ. ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ 'ಇಸಿಆರ್' (ವಲಸೆ ತಪಾಸಣೆ ಅಗತ್ಯ) ಎಂಬ ಗುರುತು ಬೀಳುತ್ತದೆ. ಅಂಥವರು ಸುಡಾನ್ ಸೇರಿದಂತೆ 18 ದೇಶಗಳಿಗೆ ಉದ್ಯೋಗಕ್ಕೆ ಹೋಗುವಾಗ ವಲಸಿಗರ ಸಂರಕ್ಷಣಾಧಿಕಾರಿಯ ಅನುಮತಿ ಪಡೆಯಬೇಕು. ಪ್ರವಾಸಿ ವೀಸಾದಲ್ಲಿ ಹೋಗುವ ಎಣ್ಣೆ ವ್ಯಾಪಾರಿ ಈ ರಕ್ಷಣೆಯ ಜಾಲದ ಹೊರಗೇ ಉಳಿಯುತ್ತಾನೆ, ಆತ ಎಲ್ಲಿದ್ದಾನೆಂಬುದು ಅಪಾಯ ಬಂದಾಗಲೇ ಸರ್ಕಾರಕ್ಕೆ ಗೊತ್ತಾಗುತ್ತದೆ. ಆದ್ದರಿಂದ ದಾವಣಗೆರೆ ಜಿಲ್ಲಾಡಳಿತ ಮತ್ತು ಪರಿಶಿಷ್ಟ ವರ್ಗಗಳ ಕಲ್ಯಾಣ ಇಲಾಖೆ ಗೋಪನಾಳ್, ಅಸ್ತಾಪನಹಳ್ಳಿಗಳಲ್ಲೇ ಶಿಬಿರ ನಡೆಸಿ, ಯಾವ ದೇಶಕ್ಕೆ ಯಾವ ಬಗೆಯ ವೀಸಾ ಬೇಕು, ಅದರಲ್ಲಿ ವ್ಯಾಪಾರಕ್ಕೆ ಅವಕಾಶವಿದೆಯೇ, ಅವಧಿ ಮುಗಿಯುವ ಮುನ್ನ ಏನು ಮಾಡಬೇಕು, ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸುವುದು ಹೇಗೆ ಎಂಬುದನ್ನು ತಿಳಿಸುವ ಏರ್ಪಾಡು ಮಾಡಬೇಕು. ಮುಂದಿನ ತಂಡ ಹೊರಡುವ ಮುನ್ನವೇ ಇದು ಆಗಬೇಕಾದ ಕೆಲಸ.