ಲೇಔಟ್ ಬಂತು, ಮಕ್ಕಳು ನಡೆಯುವ ದಾರಿ ಎಲ್ಲಿ?

ಪೋಷಕರೇ, ಹೊಸೂರಿನಿಂದ ಬಾಗಲೂರು, ತಳಿ, ಡೆಂಕಣಿಕೋಟೆ, ರಾಯಕೋಟೆ ಯಾವ ಕಡೆಗೆ ಹೊರಟರೂ ರಾಗಿ ಹೊಲದಲ್ಲಿ ಸೈಟಿನ ಕಲ್ಲುಗಳು ಕಾಣುತ್ತವೆ. ನಮ್ಮ ಹಳೆಯ ಗಾಡಿದಾರಿಗೆ ಡಾಂಬರು ಬಂದಿದೆ, ಅಗಲ ಬಂದಿಲ್ಲ. ಮನೆ ಕಟ್ಟುವಷ್ಟು ದಿನ ಅಲ್ಲಿ ಜಲ್ಲಿ, ಎಂ-ಸ್ಯಾಂಡ್ ಹೊತ್ತ ಟಿಪ್ಪರುಗಳು, ನೀರಿನ ಟ್ಯಾಂಕರುಗಳು. ಕಟ್ಟಿದ ಮೇಲೆ ಕಾರು, ಬೈಕು, ಕಂಪನಿ ಬಸ್ಸು. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಊರು ಬೆಳೆಯುವುದನ್ನು ಯಾರೂ ತಡೆಯಲಾರರು. ಆದರೆ ಆ ದಾರಿಯ ಅಂಚಿನಲ್ಲಿ ನಡೆಯುವುದು ನಿಮ್ಮ ಮಗು.

ಈ ತೊಂದರೆ ಕನ್ನಡ ಮಾಧ್ಯಮದವರಿಗೆ ಒಂದು ಪಾಲು ಹೆಚ್ಚು. ತಮಿಳು ಶಾಲೆ ಅದೇ ಊರಿನಲ್ಲಿರುತ್ತದೆ, ಕನ್ನಡ ಶಾಲೆ ಎಷ್ಟೋ ಕಡೆ ಪಕ್ಕದ ಊರಿನಲ್ಲಿ. ನನ್ನ ಬಳಿ ಟೀಸಿ ಕೇಳಲು ಬಂದವರಲ್ಲಿ ಪಾಠ ಸರಿಯಿಲ್ಲ ಎಂದವರು ಕಡಿಮೆ. “ರೋಡ್ ದಾಟಿಸೋಕೆ ಯಾರೂ ಇಲ್ಲ ಸಾರ್, ಆ ಸ್ಕೂಲಿನ ವ್ಯಾನು ಮನೆ ಬಾಗಿಲಿಗೇ ಬರ್ತದೆ” ಎಂದವರೇ ಹೆಚ್ಚು. ಅವರನ್ನು ದೂರಲಾರೆ. ಆದರೆ ಮಕ್ಕಳ ಸಂಖ್ಯೆ ಇಳಿದರೆ ಶಿಕ್ಷಕರ ಹುದ್ದೆಯೂ ಇಳಿಯುತ್ತದೆ, ಆಮೇಲೆ ಉಳಿದ ಮಕ್ಕಳಿಗೂ ಶಾಲೆ ಇರುವುದಿಲ್ಲ.

ಮೇಷ್ಟರ ಲೆಕ್ಕವೊಂದನ್ನು ನೋಡಿ. ಗಂಟೆಗೆ 40 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ 11 ಮೀಟರ್ ಮುಂದೆ ಹೋಗುತ್ತದೆ. ಚಾಲಕ ಮಗುವನ್ನು ಕಂಡು ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿ ಆ 11 ಮೀಟರ್ ಮುಗಿದಿರುತ್ತದೆ. ತುಂಬಿದ ಟಿಪ್ಪರ್ ನಿಲ್ಲಲು ಇನ್ನೂ ದೂರ ಬೇಕು. ಅದರ ಮೂತಿಯ ಕೆಳಗೆ, ಎಡಮಗ್ಗುಲಲ್ಲಿ ನಿಂತ ಮಗು ಚಾಲಕನ ಕಣ್ಣಿಗೇ ಬೀಳುವುದಿಲ್ಲ. ಇದನ್ನು ಮಕ್ಕಳಿಗೆ ನಿಂತ ಲಾರಿಯ ಪಕ್ಕದಲ್ಲೇ ತೋರಿಸಿ ಹೇಳಿ.

ದೂರು ಕೊಡುವ ಮೊದಲು ರಸ್ತೆ ಯಾರದೆಂದು ತಿಳಿಯಿರಿ. ಹೆದ್ದಾರಿ ಇಲಾಖೆಯ ರಸ್ತೆಗೆ ಪಂಚಾಯತಿಯವರು ಉಬ್ಬು ಹಾಕಲಾರರು. ಎಷ್ಟೋ ಅರ್ಜಿಗಳು ತಪ್ಪು ಕಚೇರಿಯಲ್ಲೇ ಮಲಗಿವೆ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ. ಸೈಟು ಹಂಚಿ ಮಾರುವ ಅನುಮೋದಿತ ಲೇಔಟಿನ ಒಳರಸ್ತೆಗಳನ್ನು ದಾನಪತ್ರದ ಮೂಲಕ ಪಂಚಾಯತಿಗೋ ಪಾಲಿಕೆಗೋ ಬಿಟ್ಟುಕೊಡಬೇಕು. ಹಾಗೆ ಬಿಟ್ಟುಕೊಟ್ಟ ರಸ್ತೆ ಸಾರ್ವಜನಿಕರದು. ಗೇಟು ಹಾಕಿ ಕಾವಲುಗಾರನನ್ನು ನಿಲ್ಲಿಸಿ ಶಾಲೆ ಮಕ್ಕಳನ್ನು ಹಿಂದೆ ಕಳಿಸುವಂತಿಲ್ಲ. ಮುಖ್ಯರಸ್ತೆಗಿಂತ ಆ ಒಳದಾರಿ ಮಕ್ಕಳಿಗೆ ಎಷ್ಟೋ ವಾಸಿ. ದಾನಪತ್ರದ ವಿವರವನ್ನು ಪಂಚಾಯತಿಯಲ್ಲಿ ಕೇಳಿ ನೋಡಿ.

ಶಾಲೆ ಶುರುವಾಗುವ, ಬಿಡುವ ಹೊತ್ತಿನಲ್ಲಿ ಟಿಪ್ಪರ್ ಓಡದಂತೆ ತಡೆಯಲು ಕಾನೂನಿನಲ್ಲಿ ದಾರಿಯಿದೆ: 1988ರ ಮೋಟಾರು ವಾಹನ ಕಾಯಿದೆಯ 115ನೇ ಕಲಂ. ಇದಕ್ಕೆ ಒಬ್ಬರ ಅರ್ಜಿ ಸಾಲದು. ಶಾಲಾ ನಿರ್ವಹಣಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಆ ಸಮಿತಿಯಲ್ಲಿ ನಿರ್ಣಯ ಬರೆಸಿ, ಗ್ರಾಮಸಭೆಗೆ ಒಯ್ಯಿರಿ, ಅಲ್ಲಿಂದ ಸೋಮವಾರದ ಕುಂದುಕೊರತೆ ದಿನದಂದು ಕೃಷ್ಣಗಿರಿಯ ಕಲೆಕ್ಟರ್ ಕಚೇರಿಗೆ. ಪಾಲಿಕೆ ಗಡಿಯೊಳಗಿನವರು ವಾರ್ಡ್ ಸದಸ್ಯರನ್ನು ಹಿಡಿಯಿರಿ. ಅರ್ಜಿ ತಮಿಳಿನಲ್ಲಿರಲಿ, ಬೇಗ ಓದುತ್ತಾರೆ. ನಮ್ಮ ಶಾಲೆಯ ಮಕ್ಕಳು ತಮಿಳನ್ನೂ ಕಲಿಯುತ್ತಿದ್ದಾರಲ್ಲ, ಅವರಿಂದಲೇ ಬರೆಸಿ.

ಕೊನೆಗೆ ನಮ್ಮ ಮನೆಯ ವಿಷಯ. ಹೈಸ್ಕೂಲು ಹುಡುಗನ ಕೈಗೆ ಬೈಕು ಕೊಟ್ಟು ಇಬ್ಬರು ತಂಗಿಯರನ್ನು ಹಿಂದೆ ಕೂರಿಸಿ ಕಳಿಸುವವರನ್ನು ದಿನವೂ ನೋಡುತ್ತೇನೆ. ಮಗ ಗಾಡಿ ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಟಿಪ್ಪರಿನವರ ಮೇಲೆ ಅರ್ಜಿ ಹಿಡಿದು ಹೋದ ದಿನ ಅಧಿಕಾರಿ ಕಿಟಕಿಯಿಂದ ಹೊರಗೆ ನೋಡಿ, “ಆ ಬೈಕಿನಲ್ಲಿ ಬಂದವನು ಯಾರ ಮಗ?” ಎಂದು ಕೇಳಿದರೆ ಏನು ಹೇಳುತ್ತೀರಿ?