ಸಾಕ್ಷಿ ಹೇಳುವವರ ಪಕ್ಕದಲ್ಲಿ ನಿಲ್ಲುವವರು ಯಾರು?

ತಪಸ್ಸುಕಾಲದ ಐದನೆಯ ವಾರದ ಸೋಮವಾರ ನಮ್ಮ ದೇವಾಲಯಗಳಲ್ಲಿ ದಾನಿಯೇಲನ ಗ್ರಂಥದ 13ನೆಯ ಅಧ್ಯಾಯದಿಂದ ಸುಸನ್ನಳ ವೃತ್ತಾಂತವನ್ನು ವಾಚಿಸಲಾಗುತ್ತದೆ. ತಮ್ಮ ದುರಾಸೆಗೆ ಮಣಿಯದ ಆ ಸಾಧ್ವಿಯ ಮೇಲೆ ಇಬ್ಬರು ಹಿರಿಯರು ವ್ಯಭಿಚಾರದ ಸುಳ್ಳು ಆರೋಪ ಹೊರಿಸುತ್ತಾರೆ. ಅವರು ಬರಿಯ ಹಿರಿಯರಲ್ಲ. ಆ ವರ್ಷ ಜನರಿಗೆ ನ್ಯಾಯ ಹೇಳಲು ನೇಮಕಗೊಂಡವರು. ತುಂಬಿದ ಸಭೆಯಲ್ಲಿ ಆಕೆಯ ಮುಸುಕನ್ನು ತೆಗೆಸುತ್ತಾರೆ. ಬಂಧುಬಳಗವೆಲ್ಲ ಅಳುತ್ತದೆ, ಆದರೆ ಒಂದು ಪ್ರಶ್ನೆ ಕೇಳುವ ಧೈರ್ಯ ಯಾರಿಗೂ ಬರುವುದಿಲ್ಲ. ಮರಣದಂಡನೆಗೆ ಕರೆದೊಯ್ಯುವಾಗ ದಾನಿಯೇಲನೆಂಬ ಯುವಕ ತಡೆಯುತ್ತಾನೆ. ಆ ಇಬ್ಬರನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ, ಯಾವ ಮರದ ಕೆಳಗೆ ಕಂಡಿರೆಂದು ಕೇಳುತ್ತಾನೆ. ಒಬ್ಬ ಒಂದು ಮರವನ್ನೂ ಮತ್ತೊಬ್ಬ ಇನ್ನೊಂದು ಮರವನ್ನೂ ಹೆಸರಿಸುತ್ತಾನೆ. ಸುಳ್ಳು ಬಯಲಾಗುತ್ತದೆ.

ಈ ವೃತ್ತಾಂತದಲ್ಲಿ ನಮ್ಮ ಮನಸ್ಸಿಗೆ ನಾಟಬೇಕಾದ ಸಂಗತಿ ಒಂದಿದೆ. ಬಂಧುಗಳ ಕಣ್ಣೀರು ಸುಸನ್ನಳನ್ನು ಉಳಿಸಲಿಲ್ಲ. ಆಕೆಯ ಪರವಾಗಿ ಎದ್ದು ನಿಂತವನಿಂದ ಸತ್ಯ ಹೊರಬಂದಿತು. ಇಂದಿಗೂ ನಮ್ಮ ನ್ಯಾಯಾಲಯಗಳಲ್ಲಿ ಮಾತನಾಡಬೇಕಾದ ದುರ್ಬಲರಿಗೆ ಬೇಕಾಗಿರುವುದು ಮರುಕವಲ್ಲ, ಪಕ್ಕದಲ್ಲಿ ನಿಲ್ಲುವ ಜನ.

ನ್ಯಾಯಾಲಯದ ಜಗುಲಿಯಲ್ಲಿ

1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೋ ಅವರ ಹೆಸರಿನ ಮೇಯೋ ಹಾಲ್ ದಂಡುಪ್ರದೇಶದವರಿಗೆಲ್ಲ ಪರಿಚಿತ. ಶಿವಾಜಿನಗರ, ಹಲಸೂರು, ಇಂದಿರಾನಗರಗಳ ಅನೇಕ ಕುಟುಂಬಗಳಿಗೆ ‘ಕೋರ್ಟು ಮೆಟ್ಟಿಲು ಹತ್ತುವುದು’ ಎಂದರೆ ಅಲ್ಲಿಯ ನ್ಯಾಯಾಲಯಗಳೇ ಕಣ್ಮುಂದೆ ಬರುತ್ತವೆ. ಮೇಯೋ ಹಾಲ್ ಇರಲಿ, ನೃಪತುಂಗ ರಸ್ತೆಯ ಕಡೆಯ ನ್ಯಾಯಾಲಯಗಳಿರಲಿ, ಸಾಕ್ಷಿಯ ಪಾಡು ಒಂದೇ. ಅವನು ವಾದಿಯೂ ಅಲ್ಲ, ಪ್ರತಿವಾದಿಯೂ ಅಲ್ಲ. ದಿನದ ಕೂಲಿ ಬಿಟ್ಟು ಬರಬೇಕು; ಆರೋಪಿಯ ಕಡೆಯವರ ನಡುವೆಯೇ ಕಾದು ಕುಳಿತಿರಬೇಕು; ಮುಂದಿನ ದಿನಾಂಕ ಕೊಟ್ಟರೆ ಮತ್ತೆ ಬರಬೇಕು. ಗಟ್ಟಿ ಮನಸ್ಸಿನವರನ್ನೂ ಇದು ಅಲುಗಿಸುತ್ತದೆ. ಹೀಗಿರುವಾಗ ಒಂಬತ್ತು ವರ್ಷದ ಬಾಲಕಿಯೋ ಮಾತು ಬಾರದ ಯುವಕನೋ ಆ ಸ್ಥಾನದಲ್ಲಿದ್ದರೆ ಹೇಗೆ?

ಇಂಥವರನ್ನೇ ಕಾನೂನು ‘ದುರ್ಬಲ ಸಾಕ್ಷಿ’ಗಳೆಂದು ಕರೆಯುತ್ತದೆ. 2022ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಮಾತಿನ ವ್ಯಾಪ್ತಿಯನ್ನು ಹಿಗ್ಗಿಸಿತು. ಹದಿನೆಂಟು ತುಂಬದ ಮಕ್ಕಳು, ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಸ್ತ್ರೀಯರು ಹಾಗೂ ಪುರುಷರು, ಮಾನಸಿಕ ಅಸ್ವಸ್ಥರು, ವಾಕ್ ಮತ್ತು ಶ್ರವಣ ದೋಷವುಳ್ಳವರು, ಇತರ ಅಂಗವಿಕಲರು, ಬೆದರಿಕೆಗೆ ಗುರಿಯಾದವರು ಇದರಲ್ಲಿ ಸೇರುತ್ತಾರೆ. ನ್ಯಾಯಾಲಯಕ್ಕೆ ದುರ್ಬಲರೆಂದು ತೋರಿದ ಇನ್ನಾರನ್ನೂ ಹಾಗೆ ಪರಿಗಣಿಸಬಹುದು.

ಕಾನೂನು ತೆರೆದ ಬಾಗಿಲು

ಈ ಹಾದಿ ಒಂದು ದಿನದಲ್ಲಿ ತೆರೆದದ್ದಲ್ಲ. ‘ಸಾಕ್ಷಿ’ ಎಂಬ ಹೆಸರಿನ ಸಂಸ್ಥೆಯೇ ಹೂಡಿದ್ದ ಮೊಕದ್ದಮೆಯಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ಮೂರು ಮುಖ್ಯ ಸೂಚನೆಗಳನ್ನಿತ್ತಿತು. ನೊಂದವರಿಗೆ ಆರೋಪಿಯ ಮುಖ ಕಾಣದಂತೆ ಪರದೆ ಇರಬೇಕು. ಪಾಟೀಸವಾಲಿನ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ಬರೆದುಕೊಡಬೇಕು. ಮಕ್ಕಳಿಗೆ ಸಾಕಷ್ಟು ಬಿಡುವು ಕೊಡಬೇಕು. 2012ರಲ್ಲಿ ಬಂದ ಪೋಕ್ಸೊ ಕಾಯಿದೆ ಈ ತತ್ತ್ವಗಳನ್ನು ಮಕ್ಕಳ ಹಕ್ಕನ್ನಾಗಿ ಮಾಡಿತು. 2017ರಲ್ಲಿ ಪ್ರತಿಯೊಂದು ಉಚ್ಚ ನ್ಯಾಯಾಲಯದ ವ್ಯಾಪ್ತಿಯಲ್ಲಿ ದುರ್ಬಲ ಸಾಕ್ಷಿಗಳಿಗಾಗಿ ಕನಿಷ್ಠ ಎರಡು ಪ್ರತ್ಯೇಕ ಕೇಂದ್ರಗಳಿರಬೇಕೆಂದು ಸರ್ವೋಚ್ಚ ನ್ಯಾಯಾಲಯ ಆದೇಶಿಸಿತು. 2018ರಲ್ಲಿ ಇದನ್ನು ಎಲ್ಲ ಜಿಲ್ಲೆಗಳಿಗೂ ವಿಸ್ತರಿಸಿತು.

ದೌರ್ಜನ್ಯಕ್ಕೆ ಒಳಗಾದ ಮಗುವಿನ ಪಾಲಿಗೆ ಇದರ ಅರ್ಥವೇನೆಂಬುದನ್ನು ತಂದೆತಾಯಿಗಳು ತಿಳಿದಿರುವುದು ಅಗತ್ಯ. ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೇ, ಇಲ್ಲವೇ ಮಗು ಬಯಸಿದ ಸ್ಥಳದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಅಥವಾ ಅವರಿಗಿಂತ ಮೇಲಿನ ಅಧಿಕಾರಿ ಬರೆದುಕೊಳ್ಳಬೇಕು. ಅವರು ಸಮವಸ್ತ್ರದಲ್ಲಿರಕೂಡದು. ಯಾವ ಕಾರಣಕ್ಕೂ ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಬೌರಿಂಗ್ ಆಸ್ಪತ್ರೆಯಂಥ ಕಡೆಗೆ ವೈದ್ಯಕೀಯ ಪರೀಕ್ಷೆಗೆ ಹೋದಾಗ ಬಾಲಕಿಯನ್ನು ವೈದ್ಯೆಯೇ ಪರೀಕ್ಷಿಸಬೇಕು. ತಾಯಿಯೋ ತಂದೆಯೋ ಮಗು ನಂಬುವ ಬೇರೊಬ್ಬರೋ ಜೊತೆಗಿರಬೇಕು.

ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ಸಾರ್ವಜನಿಕರ ಮುಂದೆ ನಡೆಯುವುದಿಲ್ಲ. ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ತಮ್ಮ ಪ್ರಶ್ನೆಗಳನ್ನು ನ್ಯಾಯಾಧೀಶರಿಗೆ ತಿಳಿಸಬೇಕು, ಅವರು ಕೇಳುತ್ತಾರೆ. ಗದರಿಸುವ ಪ್ರಶ್ನೆಗಳಿಗೂ ನಡತೆಯನ್ನು ಹೀಗಳೆಯುವ ಮಾತುಗಳಿಗೂ ಅವಕಾಶವಿಲ್ಲ. ಮಗುವನ್ನು ಪದೇ ಪದೇ ಕರೆಸಕೂಡದು. ಪರದೆ, ಒಂದು ಕಡೆಯಿಂದ ಮಾತ್ರ ಕಾಣುವ ಗಾಜು ಅಥವಾ ವಿಡಿಯೋ ಸಂಪರ್ಕದ ಮೂಲಕ ಆರೋಪಿಯನ್ನು ಮಗುವಿನ ಕಣ್ಣಿನಿಂದ ಮರೆಮಾಡಬೇಕು.

ಇದರಿಂದ ಆರೋಪಿಗೆ ಅನ್ಯಾಯವಾಗದೇ ಎಂದು ಕೆಲವರು ಕೇಳಬಹುದು. ಆರೋಪಿ ಸಾಕ್ಷ್ಯವನ್ನು ಕೇಳುತ್ತಾನೆ. ಅವನ ವಕೀಲರ ಪ್ರಶ್ನೆಗಳಿಗೂ ಎಡೆಯಿದೆ. ಸುಸನ್ನಳೂ ಅಂದು ಆರೋಪಿಯ ಸ್ಥಾನದಲ್ಲಿದ್ದವಳೇ ಎಂಬುದನ್ನು ಮರೆಯಬಾರದು. ನಿರಪರಾಧಿಯನ್ನು ಉಳಿಸಿದ್ದು ದಾನಿಯೇಲನ ಗದರಿಕೆಯಲ್ಲ, ಅವನ ವಿವೇಕದ ಪ್ರಶ್ನೆ. ಹೆದರಿದ ಬಾಯಿಂದ ಹೊರಡುವ ಮಾತು ಯಾರಿಗೂ ನ್ಯಾಯ ಕೊಡಲಾರದು.

ಮನೆಮಾತು ಮತ್ತು ಕಡತದ ಮಾತು

ನಮ್ಮ ಭಾಗಕ್ಕೆ ವಿಶೇಷವಾದ ಇನ್ನೊಂದು ತೊಡಕಿದೆ. 1809ರಲ್ಲಿ ದಂಡು ನೆಲೆಗೊಂಡಂದಿನಿಂದ ಇಲ್ಲಿ ಹಲವು ನುಡಿಗಳು ಬೆರೆತಿವೆ. ಶಿವಾಜಿನಗರದ ಮಗು ಮನೆಯಲ್ಲಿ ತಮಿಳನ್ನೋ ಉರ್ದುವನ್ನೋ ಆಡುತ್ತದೆ. ಕೃಷ್ಣರಾಜಪುರದ ಮಗು ತೆಲುಗನ್ನೋ ಮಲಯಾಳವನ್ನೋ ಆಡಬಹುದು. ಠಾಣೆಯ ಕಡತ ಕನ್ನಡದಲ್ಲಿರುತ್ತದೆ. ಮೈಮೇಲೆ ನಡೆದ ಅಪಮಾನವನ್ನು ಹೇಳಲು ಮಗುವಿಗೆ ತಾಯ್ನುಡಿಯಲ್ಲಿಯೇ ಶಬ್ದಗಳು ಸಾಲದು. ಪರನುಡಿಯಲ್ಲಿ ಹೇಳೆಂದರೆ ಅದು ಸುಮ್ಮನಾಗುತ್ತದೆ. ಆ ಮೌನವನ್ನು ಅಥವಾ ಒಂದು ಪದದ ವ್ಯತ್ಯಾಸವನ್ನು ಮುಂದೆ ಪಾಟೀಸವಾಲಿನಲ್ಲಿ ಸುಳ್ಳೆಂದು ತೋರಿಸಲು ಯತ್ನ ನಡೆಯುತ್ತದೆ. ಆದುದರಿಂದ ಅನುವಾದಕರನ್ನು ಕೇಳಿ ಪಡೆಯುವುದು ಉಪಕಾರ ಬೇಡಿದಂತಲ್ಲ. ಪೋಕ್ಸೊ ಕಾಯಿದೆಯ 38ನೆಯ ಕಲಂ ಕೊಟ್ಟಿರುವ ಹಕ್ಕು. ವಿಶೇಷ ಅಗತ್ಯವುಳ್ಳ ಮಗುವಿಗೆ ವಿಶೇಷ ಶಿಕ್ಷಕರ ಅಥವಾ ಅದರ ಸನ್ನೆಗಳನ್ನು ಬಲ್ಲವರ ನೆರವೂ ದೊರೆಯಬೇಕು.

ವೃದ್ಧರೂ ತಿಳಿಯಬೇಕಾದ ಮಾತೊಂದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಹದಿನೈದು ತುಂಬದ ಬಾಲಕರನ್ನು, ಅರವತ್ತು ದಾಟಿದ ಪುರುಷರನ್ನು, ಸ್ತ್ರೀಯರನ್ನು, ಅಂಗವಿಕಲರನ್ನು ಮತ್ತು ತೀವ್ರ ಅಸ್ವಸ್ಥರನ್ನು ಪೊಲೀಸರು ಸಾಕ್ಷಿಗಳಾಗಿ ಠಾಣೆಗೆ ಬರಬೇಕೆಂದು ಒತ್ತಾಯಿಸುವಂತಿಲ್ಲ. ಅವರ ಮನೆಯಲ್ಲಿಯೇ ವಿಚಾರಿಸಬೇಕು.

ಬೆದರಿಕೆ ಬಂದಾಗ

ಒಂದು ಅತ್ಯಾಚಾರ ಪ್ರಕರಣದ ಸಾಕ್ಷಿಗಳ ಮೇಲೆ ಹಲ್ಲೆಗಳಾಗಿ, ಕೆಲವರ ಕೊಲೆಯೂ ಆದ ಹಿನ್ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2018ರ ಡಿಸೆಂಬರ್ 5ರಂದು ಸಾಕ್ಷಿಗಳ ರಕ್ಷಣಾ ಯೋಜನೆಯನ್ನು ಎತ್ತಿಹಿಡಿಯಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಸಾಕ್ಷಿ ಅರ್ಜಿ ಸಲ್ಲಿಸಬಹುದು. ಅಪಾಯ ಎಷ್ಟೆಂದು ಪೊಲೀಸರು ಐದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ವರದಿ ಕೈಸೇರಿದ ಐದು ಕೆಲಸದ ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು. ಮನೆಯ ಬಳಿ ಕಾವಲು, ದೂರವಾಣಿ ಸಂಖ್ಯೆಯ ಬದಲಾವಣೆ, ನ್ಯಾಯಾಲಯಕ್ಕೆ ಸರ್ಕಾರಿ ವಾಹನದಲ್ಲಿ ಪ್ರಯಾಣ, ಬೇರೆ ಊರಿನಲ್ಲಿ ವಸತಿ ಇವೆಲ್ಲ ಯೋಜನೆಯಲ್ಲಿವೆ. ರಕ್ಷಣೆಯನ್ನು ಒಂದು ಬಾರಿಗೆ ಮೂರು ತಿಂಗಳವರೆಗೆ ನೀಡಲಾಗುತ್ತದೆ. ಪ್ರತಿಯೊಂದು ರಾಜ್ಯವೂ ಇಂಥ ಯೋಜನೆಯನ್ನು ಪ್ರಕಟಿಸಬೇಕೆಂದು ಹೊಸ ಸಂಹಿತೆಯ 398ನೆಯ ಕಲಂ ವಿಧಿಸಿದೆ.

ಕಾನೂನು ನಿಲ್ಲುವ ಹೊಸ್ತಿಲು

ಇಷ್ಟೆಲ್ಲ ಇದ್ದರೂ ಅನೇಕ ಮಕ್ಕಳು ನ್ಯಾಯಾಲಯದಲ್ಲಿ ಮೊದಲಿನ ಹೇಳಿಕೆಯನ್ನು ಅಲ್ಲಗಳೆಯುತ್ತಾರೆ. ನಮ್ಮ ನಗರದ ರಾಷ್ಟ್ರೀಯ ಕಾನೂನು ಶಾಲೆ 2017ರಲ್ಲಿ ಕರ್ನಾಟಕದ ವಿಶೇಷ ನ್ಯಾಯಾಲಯಗಳ ಕುರಿತು ಪ್ರಕಟಿಸಿದ ಅಧ್ಯಯನ ಈ ಸಮಸ್ಯೆಯ ಕಡೆಗೆ ಬೊಟ್ಟುಮಾಡಿತು. ಪರದೆಯ ಹಿಂದೆ ಕುಳಿತ ಮಗುವನ್ನು ಆರೋಪಿಯ ನೋಟದಿಂದ ರಕ್ಷಿಸಬಹುದು. ಮನೆಯಲ್ಲಿ ಅಜ್ಜಿ, ಚಿಕ್ಕಪ್ಪಂದಿರ ಒತ್ತಾಯದಿಂದ ರಕ್ಷಿಸುವ ಪರದೆ ಯಾವುದು? ಆರೋಪಿ ಬಂಧುವೋ, ಬಾಡಿಗೆ ಮನೆಯ ಮಾಲೀಕನೋ, ಸಮುದಾಯದ ಗಣ್ಯನೋ ಆಗಿದ್ದರೆ ‘ಮಾನ ಹೋದೀತು, ಹುಡುಗಿಯ ಮದುವೆ ನಿಂತೀತು, ನಾಲ್ಕು ಜನ ಸೇರಿ ರಾಜಿಮಾಡಿಕೊಳ್ಳೋಣ’ ಎಂಬ ಮಾತು ಬಂದೇ ಬರುತ್ತದೆ. ಹೇಳುವವರು ಕೆಟ್ಟವರೇ ಆಗಿರಬೇಕಿಲ್ಲ. ಸುಸನ್ನಳಿಗಾಗಿ ಅತ್ತ ಬಂಧುಗಳೂ ಕೆಟ್ಟವರಾಗಿರಲಿಲ್ಲ.

ಸುಳ್ಳು ಸಾಕ್ಷಿ ಹೇಳಬಾರದೆಂಬ ಎಂಟನೆಯ ದೈವಾಜ್ಞೆಯನ್ನು ಧರ್ಮೋಪದೇಶ ತರಗತಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ನಿಜ ಹೇಳಬೇಕಾದ ಮಗುವಿನ ಬಾಯಿ ಮುಚ್ಚಿಸುವವರು ಆ ಆಜ್ಞೆಯ ಯಾವ ಕಡೆ ನಿಲ್ಲುತ್ತಾರೆಂದು ಯೋಚಿಸಬೇಕಾಗಿದೆ. ಮಕ್ಕಳ ಮೇಲಿನ ಲೈಂಗಿಕ ಅಪರಾಧವನ್ನು ತಿಳಿದೂ ವರದಿ ಮಾಡದಿರುವುದು ಪೋಕ್ಸೊ ಕಾಯಿದೆಯಡಿ ಶಿಕ್ಷಾರ್ಹ. ಸಂಸ್ಥೆಗಳ ಮುಖ್ಯಸ್ಥರಿಗೆ ಶಿಕ್ಷೆ ಇನ್ನೂ ಹೆಚ್ಚು. ಧರ್ಮಸಭೆಯೂ ಇದರಿಂದ ಹೊರತಲ್ಲ. ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2019ರಲ್ಲಿ ಹೊರಡಿಸಿ 2023ರಲ್ಲಿ ಶಾಶ್ವತಗೊಳಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಶಾಸನ, ದೂರು ಕೊಟ್ಟವರ ಮೇಲೆ ಮೌನವನ್ನು ಹೇರಬಾರದೆಂದೂ ಅವರಿಗೆ ಕಿರುಕುಳವಾಗಬಾರದೆಂದೂ ಸ್ಪಷ್ಟವಾಗಿ ಹೇಳುತ್ತದೆ. ನಾಡಿನ ಕಾನೂನಿನ ಪಾಲನೆಗೂ ಅದು ಅಡ್ಡಬರುವುದಿಲ್ಲ.

ನೊಂದವರ ಬಳಿ ನಿಲ್ಲುವ ಪರಂಪರೆ ನಮ್ಮಲ್ಲಿದೆ. 1854ರಲ್ಲಿ ಬೆಂಗಳೂರಿಗೆ ಬಂದ ಗುಡ್ ಶೆಫರ್ಡ್ ಸಹೋದರಿಯರು, 1980ರಿಂದ ಬೀದಿಮಕ್ಕಳ ನಡುವೆ ದುಡಿಯುತ್ತಿರುವ ಸಲೇಸಿಯನ್ ಗುರುಗಳ ‘ಬಾಸ್ಕೋ’ ಇದಕ್ಕೆ ನಿದರ್ಶನ. ಪ್ರತಿಯೊಂದು ಧರ್ಮಕೇಂದ್ರದಲ್ಲಿಯೂ ಇಬ್ಬರು ಮೂವರು ವಿವೇಕಿಗಳು ಮುಂದೆ ಬಂದರೆ ಬಹಳಷ್ಟು ಸಾಧ್ಯ. ಸಮನ್ಸ್ ಬಂದ ಕುಟುಂಬದೊಡನೆ ನ್ಯಾಯಾಲಯಕ್ಕೆ ಹೋಗುವುದು, ಅಂದು ಮನೆಯ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದು, ಹೋದ ಕೂಲಿಯನ್ನು ಸದ್ದಿಲ್ಲದೆ ತುಂಬಿಕೊಡುವುದು, ಮಗುವಿನ ಭಾಷೆ ಬಲ್ಲವರನ್ನು ಹುಡುಕಿಕೊಡುವುದು ಇವು ಸಣ್ಣ ಕೆಲಸಗಳು. ಆದರೆ ಸಾಕ್ಷಿ ಕುಸಿಯದಂತೆ ಹಿಡಿದಿಡುವ ಊರುಗೋಲುಗಳು. ಸಾಕ್ಷ್ಯದಲ್ಲಿ ಏನು ಹೇಳಬೇಕೆಂದು ಮಾತ್ರ ಮಗುವಿಗೆ ಯಾರೂ ಕಲಿಸಕೂಡದು. ಮಗುವಿನ ಗುರುತನ್ನು ಪ್ರಾರ್ಥನಾ ಕೂಟದಲ್ಲಿಯೂ ಬಾಯಿಬಿಡಬಾರದು.

ನೆರವು ಬೇಕಾದವರು ಮಕ್ಕಳ ಸಹಾಯವಾಣಿ 1098ಕ್ಕೆ ಕರೆಮಾಡಬಹುದು. ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ವಿಚಾರಣೆ ಮುಗಿಯುವವರೆಗೆ ಜೊತೆಗಿರುವ ಬೆಂಬಲ ವ್ಯಕ್ತಿಯನ್ನು ಕೇಳಬಹುದು. ಸ್ತ್ರೀಯರಿಗೂ ಮಕ್ಕಳಿಗೂ ವರಮಾನದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿದೆ. ಅದರ ಸಂಖ್ಯೆ 15100.

ದಾನಿಯೇಲನಿಗೆ ಅಧಿಕಾರವಿರಲಿಲ್ಲ, ವಯಸ್ಸೂ ಆಗಿರಲಿಲ್ಲ. ಅವನು ಮಾಡಿದ್ದು ಗುಂಪಿನೊಡನೆ ನಡೆಯದೆ ನಿಂತದ್ದು. ನಮ್ಮ ನಡುವಿನ ಮಗುವೊಂದು ಸತ್ಯ ಹೇಳಲು ಹೊರಟ ದಿನ, ಹಾಗೆ ನಿಲ್ಲುವ ಶಕ್ತಿಯನ್ನು ಪ್ರಭು ನಮಗೂ ಅನುಗ್ರಹಿಸಲಿ.